ಕೊದೊಮೊ, ಕೊದೊಮೊತಾಚಿ: ಜಪಾನಿಯಲ್ಲಿ ಬಹುವಚನ ಇದೆಯೇ?

ನಮಸ್ಕಾರ. ಜಪಾನಿ ಭಾಷೆಯಲ್ಲಿ ಬಹುವಚನವೇ ಇಲ್ಲವಂತೆ, ಹಾಗಾದರೆ ಒಂದು ಬೆಕ್ಕು ಯಾವುದು, ಹತ್ತು ಬೆಕ್ಕು ಯಾವುದು ಎಂದು ಅವರಿಗೆ ತಿಳಿಯುವುದು ಹೇಗೆ ಎಂದು ವೀಕ್ಷಕರೊಬ್ಬರು ಕೇಳಿದ್ದಾರೆ.

[ಪರದೆಯ ಮೇಲೆ: ನೆಕೊ ಗಾ ಇರು]

‘ನೆಕೊ’ ಎಂದರೆ ಬೆಕ್ಕು, ‘ಇರು’ ಎಂದರೆ ಇದೆ ಅಥವಾ ಇವೆ. ಈ ‘ಇರು’ ನಮ್ಮದೇ ‘ಇರು’ವಿನಂತೆ ಕೇಳಿಸಿದರೂ ಅಲ್ಲಿ ನಂಟು ಹುಡುಕಬೇಡಿ, ಜಪಾನಿಗೂ ತಮಿಳಿಗೂ ನಂಟಿದೆಯೆಂದು ವಾದಿಸಿದ ಸುಸುಮು ಓನೊ ಅವರನ್ನು ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ಬೆಕ್ಕು ಒಂದಿದ್ದರೂ ನೂರಿದ್ದರೂ ಈ ವಾಕ್ಯ ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಾದರೆ ‘ಕ್ಯಾಟ್’ ಅಥವಾ ‘ಕ್ಯಾಟ್ಸ್’ ಎಂದು ಬಾಯಿ ಬಿಡುವ ಮೊದಲೇ ಲೆಕ್ಕ ಒಪ್ಪಿಸಬೇಕು. ‘ಹತ್ತು ಪುಸ್ತಕ ಕೊಡಿ’ ಎಂದು ಸಲೀಸಾಗಿ ಹೇಳುವ ನಮಗೆ ಇಂಗ್ಲಿಷಿನ ಈ ಹಟವೇ ವಿಚಿತ್ರವಾಗಿ ಕಾಣಬೇಕಿತ್ತು.

ಹಾಗೆಂದು ಜಪಾನಿಯಲ್ಲಿ ಬಹುವಚನದ ಪ್ರತ್ಯಯಗಳೇ ಇಲ್ಲವೆಂದಲ್ಲ. ಮುಖ್ಯವಾಗಿ ಮನುಷ್ಯರಿಗೆ, ಪ್ರೀತಿಯಿದ್ದರೆ ಬೆಕ್ಕಿಗೂ, ‘ತಾಚಿ’ ಎಂಬುದನ್ನು ಹಚ್ಚುತ್ತಾರೆ. ಆದರೆ ‘ತಾನಾಕಾ-ಸಾನ್-ತಾಚಿ’ ಎಂದರೆ ತಾನಾಕಾ ಎಂಬ ಹೆಸರಿನ ಹಲವರು ಎಂದಲ್ಲ, ತಾನಾಕಾ ಮತ್ತು ಅವರ ಜೊತೆಗಿರುವವರು ಎಂದರ್ಥ. ಗೌರವಕ್ಕೆ ‘ಗಾತಾ’ ಎಂಬ ಪ್ರತ್ಯಯವಿದೆ. ತಮ್ಮನ್ನು ತಗ್ಗಿಸಿಕೊಂಡು ‘ನಾವು’ ಎನ್ನುವಾಗ, ಉದಾಹರಣೆಗೆ ಅಂಗಡಿಯವರು ಗಿರಾಕಿಯೆದುರು, ‘ದೊಮೊ’ ಬಳಸುತ್ತಾರೆ.

[ಪರದೆಯ ಮೇಲೆ: ಕೊ + ದೊಮೊ + ತಾಚಿ]

ಈ ‘ದೊಮೊ’ವಿನ ಬಳಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಈ ವಿಡಿಯೋ ಮಾಡಲು ಹೊರಟದ್ದೇ ಇದಕ್ಕಾಗಿ. ‘ಕೊ’ ಎಂದರೆ ಮಗು; ಅದಕ್ಕೆ ‘ದೊಮೊ’ ಸೇರಿ ‘ಕೊದೊಮೊ’ ಆದಾಗ ಮೊದಲಿಗೆ ಮಕ್ಕಳು ಎಂದೇ ಅರ್ಥವಿತ್ತು. ಶತಮಾನಗಳ ಬಳಕೆಯಲ್ಲಿ ಆ ಪ್ರತ್ಯಯದ ಬಹುತ್ವ ಸವೆದುಹೋಗಿ, ಒಂದೇ ಮಗುವನ್ನೂ ‘ಕೊದೊಮೊ’ ಎನ್ನುವಂತಾಯಿತು. ಆದ್ದರಿಂದ ಈಗ ‘ಮಕ್ಕಳು’ ಎಂದು ಒತ್ತಿ ಹೇಳಲು ಅದರ ಮೇಲೆ ಮತ್ತೊಂದು ಪ್ರತ್ಯಯ ಹೇರಿ ‘ಕೊದೊಮೊತಾಚಿ’ ಎನ್ನುತ್ತಾರೆ. ಗೆಳೆಯ ಎಂಬರ್ಥದ ‘ತೊಮೊದಾಚಿ’ಯ ಕಥೆಯೂ ಇದೇ: ಅದರೊಳಗಿನ ‘ದಾಚಿ’ ನಮ್ಮ ‘ತಾಚಿ’ಯೇ.

ಇನ್ನು ಇಂಗ್ಲಿಷಿನ ‘ಚಿಲ್ಡ್ರನ್’ ನೋಡಿ. ಹಳೆಯ ಇಂಗ್ಲಿಷಿನಲ್ಲಿ ‘ಚಿಲ್ಡ್ರು’ ಎಂಬುದು ಆಗಲೇ ಬಹುವಚನವಾಗಿತ್ತು. ಮುಂದೆ ಅದು ‘ಚಿಲ್ಡ್ರೆ’ ಎಂದು ಸವೆದಾಗ, ‘ಆಕ್ಸನ್’ ಎಂಬಲ್ಲಿ ಉಳಿದಿರುವ ‘ಅನ್’ ಪ್ರತ್ಯಯವನ್ನು ಅದಕ್ಕೂ ಅಂಟಿಸಿದರು. ಎತ್ತಣ ಮಾಮರ, ಎತ್ತಣ ಕೋಗಿಲೆ. ಪರಸ್ಪರ ಪರಿಚಯವೇ ಇರದ ಎರಡು ಭಾಷೆಗಳು ಅದೇ ಮಗುವಿಗೆ ಎರಡೆರಡು ಅಂಗಿ ತೊಡಿಸಿವೆ. ‘ಅವರುಗಳು’, ‘ಸದಸ್ಯರುಗಳು’ ಎಂದು ಬರೆದವರನ್ನು ಕಂಡಲ್ಲಿ ತಿದ್ದುತ್ತಿದ್ದ ನಾನು ಇದನ್ನು ತಿಳಿದ ಮೇಲೆ ಸ್ವಲ್ಪ ಮೆತ್ತಗಾಗಿದ್ದೇನೆ.

ಸಮಯ ಮೀರುತ್ತಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ. ಕೆಲವು ನಾಮಪದಗಳನ್ನು ಇಮ್ಮಡಿಸುವುದುಂಟು: ‘ಹಿತೊ’ ಮನುಷ್ಯ, ‘ಹಿತೊಬಿತೊ’ ಜನರು, ‘ಕುನಿ’ ದೇಶ, ‘ಕುನಿಗುನಿ’ ದೇಶದೇಶಗಳು. ಮಳೆ ಮತ್ತು ಕಾಲ ಸೇರಿ ‘ಮಳೆಗಾಲ’ವಾಗುವಂತೆ ಇಲ್ಲಿಯೂ ಕಕಾರ ಗಕಾರವಾಗಿದೆ. ಆದರೆ ನಾಯಿ ಎಂಬರ್ಥದ ‘ಇನು’ವನ್ನು ‘ಇನುಇನು’ ಮಾಡಿದರೆ ಯಾರೂ ಒಪ್ಪುವುದಿಲ್ಲ. ನಿಖರವಾದ ಎಣಿಕೆ ಬೇಕಾದಾಗ ಸಂಖ್ಯೆಗೆ ವಸ್ತುವಿನ ಬಗೆಯನ್ನು ತಿಳಿಸುವ ಪದ ಸೇರುತ್ತದೆ. ನಾವು ಜನರನ್ನು ‘ಇಬ್ಬರು’ ಎಂದೂ ವಸ್ತುಗಳನ್ನು ‘ಎರಡು’ ಎಂದೂ ಬೇರೆಯಾಗಿ ಎಣಿಸುತ್ತೇವಲ್ಲ, ಅದನ್ನೇ ಅವರು ಹತ್ತಾರು ಬಗೆಗೆ ಹಿಗ್ಗಿಸಿದ್ದಾರೆ: ಇಬ್ಬರು ಎಂದರೆ ‘ಫುತಾರಿ’, ಚಪ್ಪಟೆಯಾದ ಎರಡು ಹಾಳೆಗಳಾದರೆ ‘ನಿಮಾಯ್’, ಉದ್ದನೆಯ ಎರಡು ಪೆನ್ಸಿಲ್‌ಗಳಾದರೆ ‘ನಿಹೊನ್’. ಮೊದಲ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ: ‘ನೆಕೊ ಗಾ ಸಾನ್ಬಿಕಿ ಇರು’ ಎಂದರೆ ಮೂರು ಬೆಕ್ಕುಗಳಿವೆ. ‘ನೆಕೊ’ ಮಾತ್ರ ಇದ್ದಂತೆಯೇ ಇದೆ.

ಕೊನೆಯದಾಗಿ, ಇಂಗ್ಲಿಷಿನ ‘ಫ್ರೂಟ್ಸ್’ ಜಪಾನಿಗೆ ಹೋಗಿ ‘ಫುರೂತ್ಸು’ ಆಗಿದೆ. ಅಲ್ಲಿ ಒಂದೇ ಒಂದು ಬಾಳೆಹಣ್ಣೂ ‘ಫುರೂತ್ಸು’ವೇ. ‘ದೊಮೊ’ವಿಗೆ ಆದ ಗತಿಯೇ ಇಂಗ್ಲಿಷಿನ ‘ಸ್’ಗೂ ಆಯಿತು.