ನಮ್ಮ ಗೂಡಿಗೆ ಯಾವ ಸರ್ಕಾರ?

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ಹಾಕಿ ನೇರವಾಗಿ ಇಲ್ಲಿಗೆ ಬಂದವರೂ ಇದ್ದೀರಿ, ಪರೀಕ್ಷೆಗೆ ಓದುತ್ತಿರುವ ಮಕ್ಕಳೂ ಇದ್ದೀರಿ. ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನಮ್ಮ ಶಿಡ್ಲಘಟ್ಟ ಯಾವ ಜಿಲ್ಲೆ? ಚಿಕ್ಕಬಳ್ಳಾಪುರ. 2007ರಲ್ಲಿ ಕೋಲಾರದಿಂದ ಬೇರೆಯಾದದ್ದು. ಸರಿ, ನಾವು ಎಂಪಿ ಚುನಾವಣೆಗೆ ಓಟು ಹಾಕುವುದು ಯಾವ ಕ್ಷೇತ್ರಕ್ಕೆ? ಕೋಲಾರಕ್ಕೆ! ಚಿಂತಾಮಣಿಯವರೂ ಅಷ್ಟೇ. ಜಿಲ್ಲೆ ಮಾಡುವುದು ರಾಜ್ಯ ಸರ್ಕಾರ, ಕ್ಷೇತ್ರದ ಗಡಿ ಎಳೆಯುವುದು ಸಂಸತ್ತಿನ ಕಾನೂನಿನಂತೆ ರಚನೆಯಾದ ಪುನರ್ವಿಂಗಡಣಾ ಆಯೋಗ. ಒಂದೇ ಊರು, ಎರಡು ನಕ್ಷೆ.

ದೂರದಿಂದ ನೋಡಿದರೆ ಕೇಂದ್ರ, ರಾಜ್ಯ ಎರಡೂ ಸರ್ಕಾರ ಒಂದೇ ಅಚ್ಚಿನವು. ಅಲ್ಲಿ ರಾಷ್ಟ್ರಪತಿ, ಇಲ್ಲಿ ರಾಜ್ಯಪಾಲರು. ಅಲ್ಲಿ ಪ್ರಧಾನಿ, ಇಲ್ಲಿ ಮುಖ್ಯಮಂತ್ರಿ. ಅಲ್ಲಿ ಲೋಕಸಭೆಗೆ 543 ಜನ, ಇಲ್ಲಿ ವಿಧಾನಸಭೆಗೆ 224. ಮಂತ್ರಿಗಳ ಲೆಕ್ಕವೂ ಒಂದೇ, 2003ರ ತಿದ್ದುಪಡಿ ಪ್ರಕಾರ ಕೆಳಮನೆಯ ಸದಸ್ಯಬಲದ ಶೇ 15 ದಾಟುವಂತಿಲ್ಲ. ನಮ್ಮಲ್ಲಿ ಮುಖ್ಯಮಂತ್ರಿ ಸೇರಿ 34 ಜನ. ಪುಸ್ತಕದಲ್ಲಿ ಇದನ್ನೇ ಎರಡು ಕಾಲಂ ಮಾಡಿ ಮುಗಿಸಿಬಿಡುತ್ತಾರೆ. ಯಾರು ಯಾರನ್ನು ಕೂರಿಸುತ್ತಾರೆ, ಯಾರು ಎಬ್ಬಿಸುತ್ತಾರೆ ಅಂತ ನೋಡಿದಾಗಲೇ ವ್ಯತ್ಯಾಸ ಗೊತ್ತಾಗುವುದು.

ರಾಷ್ಟ್ರಪತಿಯನ್ನು ಚುನಾಯಿತ ಎಂಪಿಗಳ ಜೊತೆ ಎಲ್ಲ ರಾಜ್ಯಗಳ ಶಾಸಕರೂ ಸೇರಿ ಆರಿಸುತ್ತಾರೆ. ಶಿಡ್ಲಘಟ್ಟದ ಶಾಸಕರದ್ದೂ ಅಲ್ಲಿ ಒಂದು ಓಟಿದೆ. ರಾಷ್ಟ್ರಪತಿಯನ್ನು ತೆಗೆಯಬೇಕಾದರೆ ಸಂಸತ್ತಿನ ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ರಾಜ್ಯಪಾಲರಿಗೆ ಯಾರೂ ಓಟು ಹಾಕುವುದಿಲ್ಲ. ಕೇಂದ್ರ ಸಂಪುಟದ ಸಲಹೆಯಂತೆ ರಾಷ್ಟ್ರಪತಿ ನೇಮಿಸುತ್ತಾರೆ. ಅವಧಿ ಐದು ವರ್ಷ ಅಂತ ಇದ್ದರೂ ರಾಷ್ಟ್ರಪತಿಗೆ ಒಪ್ಪಿಗೆ ಇರುವಷ್ಟು ದಿನ ಮಾತ್ರ. ನಮ್ಮ ವಿಧಾನಮಂಡಲ ಒಪ್ಪಿದ ಮಸೂದೆಯನ್ನು ರಾಜ್ಯಪಾಲರು ರಾಷ್ಟ್ರಪತಿಗೆ ಕಳಿಸಿ ಅಲ್ಲೇ ಕಾಯಿಸಬಹುದು. ಸಂಸತ್ತಿನ ಮಸೂದೆಯನ್ನು ಹಾಗೆ ಕಳಿಸಲು ಮೇಲೆ ಇನ್ನೊಬ್ಬರಿಲ್ಲ, ಅಲ್ವಾ?

ರಾಜ್ಯಪಾಲರನ್ನು ದೆಹಲಿ ಕೂರಿಸುತ್ತದೆ ಅನ್ನುವುದು ಎಷ್ಟು ದೊಡ್ಡ ಮಾತು ಅಂತ ಕರ್ನಾಟಕಕ್ಕೆ 1989ರಲ್ಲಿ ಗೊತ್ತಾಯಿತು. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಸದನದಲ್ಲೇ ಬಹುಮತ ತೋರಿಸುತ್ತೇನೆ, ಅವಕಾಶ ಕೊಡಿ ಅಂತ ಕೇಳಿದರು. ಕೊಡಲಿಲ್ಲ. ರಾಜ್ಯಪಾಲರ ವರದಿ ಮೇಲೆ ಏಪ್ರಿಲ್ 21ರಂದು ಸರ್ಕಾರವೇ ವಜಾ ಆಯಿತು. ಐದು ವರ್ಷ ಕಳೆದ ಮೇಲೆ, 1994ರ ಮಾರ್ಚ್‌ನಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತು: ಬಹುಮತ ಎಣಿಸುವ ಜಾಗ ಸದನ, ರಾಜಭವನ ಅಲ್ಲ. ಈಗ ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ವಕೀಲರು ಮೊದಲು ಹಿಡಿದುಕೊಳ್ಳುವುದು ನಮ್ಮ ಬೊಮ್ಮಾಯಿ ಕೇಸನ್ನೇ. ಆದರೆ ಒಂದು ಗಮನಿಸಿ. ರಾಜ್ಯ ಸರ್ಕಾರವನ್ನು ಇಳಿಸಿ ರಾಷ್ಟ್ರಪತಿ ಆಳ್ವಿಕೆ ತರುವ ವಿಧಿ ಸಂವಿಧಾನದಲ್ಲಿದೆ, ಕೇಂದ್ರ ಸರ್ಕಾರವನ್ನು ಹಾಗೆ ಇಳಿಸುವ ವಿಧಿ ಇಲ್ಲ.

ಮೇಲ್ಮನೆಯದ್ದೂ ಇದೇ ಕಥೆ. ರಾಜ್ಯಸಭೆಯನ್ನು ವಿಸರ್ಜಿಸುವಂತಿಲ್ಲ, ಅದಿಲ್ಲದೆ ಸಂಸತ್ತೇ ಇಲ್ಲ. ವಿಧಾನ ಪರಿಷತ್ತು ಹಾಗಲ್ಲ. ವಿಧಾನಸಭೆ ನಿರ್ಣಯ ಮಾಡಿ, ಸಂಸತ್ತು ಕಾನೂನು ತಂದರೆ ಅದು ಹೋಗುತ್ತದೆ. ಬಾಗೇಪಲ್ಲಿ ದಾಟಿದರೆ ಸಿಗುವ ಆಂಧ್ರದಲ್ಲಿ 1985ರಲ್ಲಿ ಹೋಯಿತು, 2007ರಲ್ಲಿ ಮತ್ತೆ ಬಂತು. ಬಂಗಾರಪೇಟೆ ಆಚೆಯ ತಮಿಳುನಾಡಿನಲ್ಲಿ 1986ರಲ್ಲಿ ಹೋದದ್ದು ಬರಲೇ ಇಲ್ಲ. ನಮ್ಮ ಪರಿಷತ್ತಿನಲ್ಲಿ 75 ಜನರಿದ್ದಾರೆ, ಪದವೀಧರರಿಗೆ, ಶಿಕ್ಷಕರಿಗೆ ಅಂತಲೇ ಬೇರೆ ಸ್ಥಾನಗಳಿವೆ. ಶಿಕ್ಷಕರ ಕ್ಷೇತ್ರದಲ್ಲಿ ಪ್ರಾಥಮಿಕ ಶಾಲೆ ಮೇಷ್ಟ್ರಿಗೆ ಓಟಿಲ್ಲ, ಪ್ರೌಢಶಾಲೆಯಿಂದ ಮೇಲಿನವರಿಗೆ ಮಾತ್ರ. ಇದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ಈಗ ಗೂಡಿನ ವಿಷಯಕ್ಕೆ ಬರುತ್ತೇನೆ. ನಾನು ಹುಳದ ಮನೆಯಲ್ಲೇ ಬೆಳೆದವನು. ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಹುಳ ಸೊಪ್ಪು ತಿನ್ನುವಾಗ ಮಳೆ ಬಂದ ಹಾಗೆ ಸದ್ದು, ಆ ಸದ್ದಿಗೆ ನಮಗೆ ನಿದ್ದೆ ಬರುತ್ತಿತ್ತು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳವನ್ನು ಅಮ್ಮ ಒಂದೊಂದಾಗಿ ಆರಿಸಿ, ಅದು ಗೂಡು ಕಟ್ಟುವ ಬಿದಿರಿನ ತಟ್ಟೆ ಚಂದ್ರಿಕೆಗೆ ಬಿಡುತ್ತಿದ್ದರು. 2011ರಲ್ಲಿ ಹರಾಜಿಗಿಟ್ಟ ನಮ್ಮ ಗೂಡಿನ ಲಾಟಿಗೆ ನೂಲು ತೆಗೆಯುವ ರೀಲರ್ ಕೂಗಿದ ದರ ಕೇಳಿ ಅಪ್ಪ ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಅಲ್ಲಿದ್ದ ರೇಷ್ಮೆ ಇಲಾಖೆ ಸಿಬ್ಬಂದಿಗೆ ಬೈದರು. ಪಾಪ, ಅವರ ಕೈಯಲ್ಲಿ ಏನೂ ಇರಲಿಲ್ಲ. ಮಾರುಕಟ್ಟೆ ರಾಜ್ಯದ್ದು, ತಕ್ಕಡಿ ರಾಜ್ಯದ್ದು, ಹರಾಜು ನಡೆಸುವವರು ರಾಜ್ಯದವರು. ಆದರೆ ಆ ವರ್ಷದ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತ್ತು. ಚೀನಾದ ನೂಲು ಅಗ್ಗವಾಯಿತು, ನಮ್ಮ ಗೂಡಿನ ದರ ಕುಸಿಯಿತು.

ಯಾವ ವಿಷಯಕ್ಕೆ ಯಾರು ಕಾನೂನು ಮಾಡಬೇಕು ಅಂತ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಮೂರು ಪಟ್ಟಿ ಇವೆ. ಕೃಷಿ ರಾಜ್ಯಪಟ್ಟಿಯಲ್ಲಿದೆ. ಆಮದು ಸುಂಕ ಕೇಂದ್ರಪಟ್ಟಿಯಲ್ಲಿದೆ. ಶಿಕ್ಷಣ, ಕಾಡು ಮೊದಲು ರಾಜ್ಯದ್ದೇ ಆಗಿದ್ದವು, 1976ರ ತಿದ್ದುಪಡಿಯಲ್ಲಿ ಇಬ್ಬರಿಗೂ ಸೇರಿದ ಸಮವರ್ತಿ ಪಟ್ಟಿಗೆ ಹೋದವು. ಯಾವ ಪಟ್ಟಿಯಲ್ಲೂ ಇಲ್ಲದ ಹೊಸ ವಿಷಯ ಬಂದರೆ ಅದೂ ಕೇಂದ್ರಕ್ಕೇ. ಹಾಗಾಗಿ ನಮ್ಮ 224 ಶಾಸಕರೂ ಪಕ್ಷ ಮರೆತು ಒಂದೇ ದನಿಯಲ್ಲಿ ಕೂಗಿದರೂ ರೇಷ್ಮೆ ಸುಂಕ ಒಂದು ಪೈಸೆ ಅಲುಗುವುದಿಲ್ಲ, ಅವರು ನಿರ್ಣಯ ಮಾಡಿ ದೆಹಲಿಗೆ ಕಳಿಸಬಹುದು ಅಷ್ಟೇ. ಅದನ್ನು ಅಲುಗಿಸಬಹುದಾದ ಲೋಕಸಭೆಯಲ್ಲಿ ಕರ್ನಾಟಕದಿಂದ ಇರುವವರು 28 ಜನ. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು, ಅದೂ ದೆಹಲಿಯ ಬಜೆಟ್ಟಿನಲ್ಲೇ.

ದರ ಬಿದ್ದಾಗಲೆಲ್ಲ ನಾವು ತಾಲ್ಲೂಕು ಕಚೇರಿ ಮುಂದೆ ಕೂತು ಮುಖ್ಯಮಂತ್ರಿಗೆ ಒಂದೇ ಮನವಿ ಕೊಟ್ಟು ಎದ್ದು ಬರುತ್ತೇವೆ. ಇನ್ನು ಮೇಲೆ ಎರಡು ಬರೆಯೋಣ. ತೂಕದಲ್ಲಿ ಮೋಸ, ಹರಾಜಿನ ತೊಂದರೆ, ಬಾಕಿ ಹಣ, ಇವು ಬೆಂಗಳೂರಿನ ಮನವಿಗೆ. ಸುಂಕದ ಮಾತು ಕೋಲಾರದ ಎಂಪಿ ಕೈಗೆ. ಕೇಂದ್ರ ಬಜೆಟ್ ಈಗ ಫೆಬ್ರುವರಿ 1ಕ್ಕೆ ಬರುತ್ತದೆ. ಜನವರಿ ಕೊನೆಗೆ ಹೋದರೆ ಕೆಲಸ ಆಗುವುದಿಲ್ಲ, ನವೆಂಬರ್‌ನಲ್ಲೇ ಕೊಡಬೇಕು. ಕರಡು ನಾನು ಬರೆದು ತಂದಿದ್ದೇನೆ, ಈ ಮೇಜಿನ ಮೇಲಿದೆ. ಓದಿ, ತಪ್ಪಿದ್ದರೆ ತಿದ್ದಿ, ಆಮೇಲೆ ಸಹಿ ಹಾಕಿ.