ಸಂತೆ ದಿನದ ಬರಹ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ಮಂಗಳವಾರ. ನಾಳೆ ನಮ್ಮೂರಲ್ಲಿ ಸಂತೆ. ಈ ಮಾತನ್ನು ಯಾಕೆ ಮೊದಲೇ ಹೇಳಿದೆ ಅನ್ನೋದು ಸ್ವಲ್ಪ ಹೊತ್ತಿನಲ್ಲಿ ನಿಮಗೇ ಗೊತ್ತಾಗುತ್ತದೆ.

ನಾನು ನಿವೃತ್ತ ಕನ್ನಡ ಮೇಷ್ಟ್ರು. ಈಗ ಬರೆಯುವ ಆಸೆ ಇರುವವರ ಜೊತೆ ಅಲ್ಲಲ್ಲಿ ಕೂತು ಮಾತಾಡುತ್ತೇನೆ. ಅವರಲ್ಲಿ ಹೆಚ್ಚಿನವರಿಗೆ ಕಥೆ, ಕಾದಂಬರಿಯ ಹಂಬಲ ಇಲ್ಲ. ತಮ್ಮ ಮನೆ, ತೋಟ, ಕೆಲಸ, ಕಂಡದ್ದು, ಕೇಳಿದ್ದು, ಇಷ್ಟನ್ನು ನಾಲ್ಕು ಜನ ಓದುವ ಹಾಗೆ ಬರೆದರೆ ಸಾಕು ಅನ್ನುವವರು. ಕೆಲವರು ಕೈಬರಹದ ಪತ್ರಿಕೆ ಮಾಡುತ್ತಾರೆ. ಕೆಲವರು ಬರೆದದ್ದನ್ನು ಮೊಬೈಲ್‌ನಲ್ಲಿ ನೆಂಟರಿಗೆ, ಸ್ನೇಹಿತರಿಗೆ ಕಳಿಸುತ್ತಾರೆ. ಎಲ್ಲೇ ಹೋಗಲಿ, ಅವರು ಕೇಳುವ ಮೊದಲ ಪ್ರಶ್ನೆ ಒಂದೇ. ‘ಸಾರ್, ಎಷ್ಟು ದಿನಕ್ಕೊಂದು ಬರೆಯಬೇಕು?’

ವಾರಕ್ಕೊಂದು ಬರೆಯಿರಿ. ಪ್ರತಿ ವಾರ ಅದೇ ದಿನ ಬರೆಯಿರಿ. ಇಷ್ಟನ್ನು ಹೇಳುವುದಕ್ಕೇ ನಾನು ಇವತ್ತು ಇಲ್ಲಿಗೆ ಬಂದಿದ್ದೇನೆ.

ಇದನ್ನು ನನಗೆ ಕಲಿಸಿದ್ದು ಯಾವ ಪುಸ್ತಕವೂ ಅಲ್ಲ, ನಮ್ಮ ಶಾಲೆಯ ಅಟೆಂಡರ್. ಅದು ನಡೆದದ್ದು 1988ರಲ್ಲಿ. ನಾನು ಆ ಊರಿನ ಹೈಸ್ಕೂಲಿಗೆ ಹೊಸದಾಗಿ ಬಂದಿದ್ದೆ. ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಮಕ್ಕಳಿಂದ ಒಂದು ಗೋಡೆ ಪತ್ರಿಕೆ ಮಾಡಿಸಿದೆ. ದಿನಕ್ಕೊಂದು ಹಾಳೆ. ಮೊದಲ ವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ಮಕ್ಕಳ ಸಾಲು. ‘ಸಾರ್ ನಂದು ಹಾಕಿ, ಸಾರ್ ನಂದು ಹಾಕಿ’ ಅಂತ. ಎರಡನೇ ವಾರ ಬರೆಯುವವರು ಮೂರೇ ಜನ ಉಳಿದರು. ಮೂರನೇ ವಾರ ಆ ಮೂವರೂ ಕ್ಯಾಲೆಂಡರ್ ಹಿಂದಿನ ಸುಭಾಷಿತ ಕಾಪಿ ಮಾಡಿ ತಂದರು. ಜುಲೈ ಹೊತ್ತಿಗೆ ಬೋರ್ಡಿನ ಮೇಲೆ ಒಂದು ಬಿಳಿ ಹಾಳೆ. ಸುತ್ತ ಬಣ್ಣದ ಪೆನ್ಸಿಲಿನಲ್ಲಿ ಬಳ್ಳಿಯ ಅಂಚು ಬಿಡಿಸಿದ್ದರು. ಒಳಗೆ ಒಂದಕ್ಷರವೂ ಇಲ್ಲ. ನಾಲ್ಕು ದಿನ ಅದು ಹಾಗೇ ಇತ್ತು. ಅದರ ಮುಂದೆ ಓಡಾಡುವಾಗ ನನಗೆ ತುಂಬಾ ಸಂಕಟವಾಗುತ್ತಿತ್ತು.

ನಮ್ಮ ಅಟೆಂಡರ್ ಅದನ್ನು ನೋಡಿದವರು ಒಂದು ಸಂಜೆ ಗಂಟೆ ಹೊಡೆದು ಬಂದು ಹೇಳಿದರು. ‘ಸಾರ್, ದಿನಾ ಹಾಕಿದ್ರೆ ಯಾರು ಓದ್ತಾರೆ? ಬುಧವಾರ ಹಾಕಿ ಸಾರ್. ಅದೂ ಇಲ್ಲಿ ಬೇಡ, ಗೇಟಿನ ಹತ್ರ ಹಾಕಿ. ಸಂತೆಗೆ ಬಂದೋರು ಓದ್ತಾರೆ.’

ನಮ್ಮ ಶಾಲೆಯ ಕಾಂಪೌಂಡಿಗೂ ಸಂತೆಮಾಳಕ್ಕೂ ನಡುವೆ ಒಂದು ರಸ್ತೆ ಅಷ್ಟೇ. ಬುಧವಾರ ಸುತ್ತಲ ಹಳ್ಳಿಯ ಜನರೆಲ್ಲ ಅಲ್ಲಿರುತ್ತಿದ್ದರು. ಸರಿ, ಬೋರ್ಡನ್ನು ಗೇಟಿಗೆ ತಂದೆವು. ವಾರಕ್ಕೆ ಒಂದೇ ಹಾಳೆ, ಬುಧವಾರ ಬೆಳಿಗ್ಗೆ ಸಂತೆ ಕೂಡುವ ಮೊದಲು.

ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ಇದ್ದಳು. ಅವಳಜ್ಜಿ ಸಂತೆಯಲ್ಲಿ ವೀಳ್ಯದೆಲೆ ಮಾರುತ್ತಿದ್ದರು. ಕ್ಲಾಸಿನಲ್ಲಿ ಆ ಹುಡುಗಿ ಬಾಯಿ ಬಿಟ್ಟವಳಲ್ಲ. ಮೊದಲ ಬುಧವಾರ ಅವಳು ಬರೆದು ತಂದದ್ದು ಹತ್ತೇ ಸಾಲು. ಅಜ್ಜಿ ರಾತ್ರಿ ಎಲೆಗಳನ್ನು ಹೇಗೆ ಒಂದೊಂದಾಗಿ ತಿರುವಿ ನೋಡುತ್ತಾರೆ, ಕೊಳೆತ ಒಂದು ಎಲೆಯನ್ನು ಹೇಗೆ ಬೆರಳಲ್ಲೇ ಗುರುತು ಹಿಡಿದು ತೆಗೆದು ಹಾಕುತ್ತಾರೆ, ಒದ್ದೆ ಬಟ್ಟೆಯನ್ನು ಯಾಕೆ ಹಿಂಡಿ ಹೊದಿಸುತ್ತಾರೆ ಅಂತ. ಕೊನೇ ಸಾಲು ನನಗೆ ಇವತ್ತಿಗೂ ನೆನಪಿದೆ. ‘ನೀರು ಜಾಸ್ತಿಯಾದರೆ ಎಲೆ ಕರಗುತ್ತದೆ, ಕಡಿಮೆಯಾದರೆ ಬಾಡುತ್ತದೆ, ಅಜ್ಜಿಯ ಕೈಗೆ ಅಳತೆ ಗೊತ್ತು.’ ಹದಿಮೂರು ವರ್ಷದ ಹುಡುಗಿ ಬರೆದದ್ದು ಇದು! ಜೂನ್‌ನಲ್ಲಿ ದಿನಾ ಬರೆಯಿರಿ ಅಂದಾಗ ಇವಳು ಒಂದು ಸಾಲೂ ಕೊಟ್ಟಿರಲಿಲ್ಲ. ಯಾಕಮ್ಮ ಅಂತ ಕೇಳಿದೆ. ‘ಆಗ ನೋಡೋಕೇ ಟೈಮಿರ್ಲಿಲ್ಲ ಸಾರ್’ ಅಂದಳು.

ಕೇಳಿದಿರಾ? ಬರೆಯೋಕೆ ಟೈಮಿರಲಿಲ್ಲ ಅಂತ ಅವಳು ಹೇಳಲಿಲ್ಲ. ನೋಡೋಕೆ ಟೈಮಿರಲಿಲ್ಲ ಅಂದಳು. ದಿನಾ ಬರೆಯುವವರಿಗೆ ಆಗುವ ತೊಂದರೆ ಇದೇ.

ಇನ್ನೂ ಇದೆ ಕೇಳಿ. ಹಗ್ಗ ಮಾರುವ ಒಬ್ಬರು ಹಿರಿಯರು ಪ್ರತಿ ಸಂತೆಗೆ ಬರುತ್ತಿದ್ದರು. ಅವರಿಗೆ ಓದು ಬಾರದು. ವ್ಯಾಪಾರ ಮುಗಿದ ಮೇಲೆ ಗೇಟಿನ ಹತ್ತಿರ ಬಂದು, ಯಾರಾದರೂ ಹುಡುಗನನ್ನು ಕರೆದು ಹಾಳೆ ಪೂರ್ತಿ ಓದಿಸಿಕೊಳ್ಳುತ್ತಿದ್ದರು. ನವೆಂಬರ್‌ನಲ್ಲಿ ನಮ್ಮ ಮನೆಯಲ್ಲೊಂದು ಮದುವೆ, ನಾನು ರಜೆ ಹಾಕಿದ್ದೆ, ಹಾಳೆ ಹಾಕಲಿಲ್ಲ. ಮುಂದಿನ ಬುಧವಾರ ಅವರು ನನ್ನನ್ನು ರಸ್ತೆಯಲ್ಲೇ ತಡೆದು ನಿಲ್ಲಿಸಿದರು. ‘ಏನ್ ಮೇಷ್ಟ್ರೇ, ಹೋದ ವಾರ ಪೇಪರ್ ಇರ್ಲಿಲ್ಲ? ಮಕ್ಳು ಹುಷಾರಾಗಿದಾರಾ?’ ಅಂತ ಕೇಳಿದರು. ಓದು ಬಾರದ ಒಬ್ಬರು ನಮ್ಮ ಹಾಳೆಗೆ ಕಾಯುತ್ತಿದ್ದರು. ದಿನಕ್ಕೊಂದು ಹಾಕುತ್ತಿದ್ದಾಗ ಯಾರೂ ಕಾಯುತ್ತಿರಲಿಲ್ಲ. ದಿನ ಗೊತ್ತಿದ್ದರೆ ತಾನೇ ಕಾಯುವುದು?

2011ರಲ್ಲಿ ನಾನು ನಿವೃತ್ತನಾಗುವವರೆಗೆ ಆ ಬೋರ್ಡು ನಡೆಯಿತು. ರಜೆ, ಪರೀಕ್ಷೆ ಕಳೆದು ವರ್ಷಕ್ಕೆ ಮೂವತ್ತೈದು ಹಾಳೆ ಅಂತಿಟ್ಟುಕೊಳ್ಳಿ. ಇಪ್ಪತ್ತಮೂರು ವರ್ಷಕ್ಕೆ ಎಂಟುನೂರು ದಾಟುತ್ತದೆ. ದಿನಕ್ಕೊಂದು ಅಂತ ಶುರು ಮಾಡಿದ್ದು ತಿಂಗಳೂ ಬಾಳಲಿಲ್ಲ. ಅದಕ್ಕೇ ಹೇಳುತ್ತೇನೆ, ವಾರಕ್ಕೊಂದು, ಅದೇ ದಿನ.

ದಿನಾ ಬರೆದರೇ ಕೈ ಪಳಗುವುದು ಅಂತ ಕೆಲವರು ವಾದ ಮಾಡುತ್ತಾರೆ. ನಿಮ್ಮ ಪಾಡಿಗೆ ಡೈರಿ ಬರೆಯುವುದಾದರೆ ದಿನಾ ಬರೆಯಿರಿ, ನನ್ನದೇನೂ ಅಡ್ಡಿ ಇಲ್ಲ. ನಾನು ಹೇಳುತ್ತಿರುವುದು ಬೇರೆಯವರ ಕೈಗೆ ಕೊಡುವ ಬರಹದ ಮಾತು. ಇಂಗ್ಲೆಂಡಿನಲ್ಲಿ 1711ರಲ್ಲಿ ‘ದಿ ಸ್ಪೆಕ್ಟೇಟರ್’ ಅಂತ ಒಂದು ಹಾಳೆ ಭಾನುವಾರ ಬಿಟ್ಟು ದಿನಾ ಬರುತ್ತಿತ್ತು. 1712ರ ಡಿಸೆಂಬರ್‌ವರೆಗೆ 555 ಸಂಚಿಕೆ ಬಂದವು. ಆದರೆ ಅಲ್ಲಿ ಅಡಿಸನ್, ಸ್ಟೀಲ್ ಅಂತ ಇಬ್ಬರು ಬರಹಗಾರರಿದ್ದರು, ಜೊತೆಗೆ ಬೇರೆಯವರೂ ಬರೆದು ಕೊಡುತ್ತಿದ್ದರು. ಒಬ್ಬರೇ ಕೂತು ಬರೆದವರು ಬೇಕೆಂದರೆ ಸ್ಯಾಮ್ಯುಯೆಲ್ ಜಾನ್ಸನ್ ಇದ್ದಾರೆ. 1750ರಿಂದ 1752ರವರೆಗೆ ಎರಡು ವರ್ಷ ‘ದಿ ರ‍್ಯಾಂಬ್ಲರ್’ ತಂದರು. ಬೆರಳೆಣಿಕೆಯಷ್ಟು ಬಿಟ್ಟರೆ 208 ಸಂಚಿಕೆಯನ್ನೂ ಅವರೇ ಬರೆದರು. ಅವರೂ ದಿನಾ ಬರೆಯಲಿಲ್ಲ. ಮಂಗಳವಾರ, ಶನಿವಾರ, ವಾರಕ್ಕೆ ಎರಡೇ. ಇಂಗ್ಲಿಷಿಗೆ ನಿಘಂಟು ಮಾಡಿಕೊಟ್ಟ ಜಾನ್ಸನ್‌ಗೇ ವಾರಕ್ಕೆರಡು ಸಾಕಾಯಿತು. ಅಡುಗೆ, ಹಾಲು ಕರೆಯುವುದು, ಆಫೀಸು, ಮಕ್ಕಳ ಓದು ಎಲ್ಲ ಮುಗಿಸಿ ಕೂರುವ ನಿಮಗೆ ಒಂದು ಸಾಕು.

ನಮ್ಮ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನೂ ನೋಡಿ. ಹರ್ಮನ್ ಮೊಗ್ಲಿಂಗ್ ಅದನ್ನು 1843ರ ಜುಲೈ 1ರಂದು ಶುರು ಮಾಡಿದರು. ಕಲ್ಲಚ್ಚಿನಲ್ಲಿ ಅಚ್ಚಾಗುತ್ತಿತ್ತು, ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಕೈಲಾಗುವಷ್ಟನ್ನೇ ಒಪ್ಪಿಕೊಂಡು ಹೊರಟದ್ದು ಅದು.

ಹಾಗಾದರೆ ತಿಂಗಳಿಗೊಂದು ಬರೆಯಬಹುದಾ? ಬೇಡ. ತಿಂಗಳು ಅಂದರೆ ತುಂಬಾ ದೂರ. ಮೊದಲ ಇಪ್ಪತ್ತೈದು ದಿನ ಇನ್ನೂ ಟೈಮಿದೆ ಅನ್ನಿಸುತ್ತದೆ, ಉಳಿದ ಐದು ದಿನ ಗಾಬರಿಯಲ್ಲೇ ಹೋಗುತ್ತದೆ.

ಗಾಂಧೀಜಿಯವರ ಆತ್ಮಕಥೆ ಹುಟ್ಟಿದ ಬಗೆ ನನಗೆ ಬಹಳ ಪ್ರೀತಿಯ ವಿಷಯ. ಅವರಿಗೂ ಪುಸ್ತಕ ಬರೆಯಲು ಬಿಡುವಿರಲಿಲ್ಲ. ಆದರೆ ‘ನವಜೀವನ’ ವಾರಪತ್ರಿಕೆಗೆ ವಾರ ವಾರ ಏನಾದರೂ ಬರೆಯಲೇಬೇಕಿತ್ತು. ಹೇಗೂ ಬರೆಯಬೇಕಲ್ಲ, ಅದು ಆತ್ಮಕಥೆಯೇ ಯಾಕಾಗಬಾರದು ಅಂತ ಅವರು ಮುನ್ನುಡಿಯಲ್ಲಿ ಕೇಳುತ್ತಾರೆ. 1925ರಿಂದ 1929ರವರೆಗೆ ಕಂತು ಕಂತಾಗಿ ಬಂತು. ಬಿಡುವಾದಾಗ ಬರೆಯೋಣ ಅಂತ ಅವರು ಕೂತಿದ್ದರೆ ಆ ಪುಸ್ತಕ ನಮಗೆ ಸಿಗುತ್ತಿತ್ತಾ? ನಮ್ಮ ಹಾ.ಮಾ. ನಾಯಕರ ‘ಸಂಪ್ರತಿ’ಗೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ಅಂಕಣ ಬರಹಗಳ ಪುಸ್ತಕ. ಪತ್ರಿಕೆಗೆ ಅಂತ ಬರೆದ ಚಿಕ್ಕ ಚಿಕ್ಕ ಬರಹಗಳು ಒಟ್ಟಾಗಿ ಆ ಪುಸ್ತಕವಾದವು.

ನೀವೂ ಲೆಕ್ಕ ಹಾಕಿ. ವಾರಕ್ಕೊಂದು ಪುಟ ಅಂದರೆ ವರ್ಷಕ್ಕೆ 52 ಪುಟ. ಮೂರು ವರ್ಷಕ್ಕೆ ನೂರೈವತ್ತು ಪುಟ ದಾಟುತ್ತದೆ.

ಸಮಯ ಆಗುತ್ತಾ ಬಂತು. ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ.

ಎಷ್ಟುದ್ದ ಇರಬೇಕು? ಒಂದು ಪುಟ. ಏನು ಬರೆಯಬೇಕು? ಆ ವಾರ ನೀವು ಕಣ್ಣಾರೆ ನೋಡಿದ ಒಂದು ಸಂಗತಿ. ಫಾರ್ವರ್ಡ್ ಬಂದದ್ದು ಬೇಡ. ಒಂದು ಚಿಕ್ಕ ನೋಟ್‌ಬುಕ್ ಹತ್ತಿರ ಇಟ್ಟುಕೊಳ್ಳಿ, ಆರು ದಿನ ಅದರಲ್ಲಿ ಒಂದೊಂದು ಸಾಲು ಗುರುತು ಹಾಕಿ. ಏಳನೇ ದಿನ ಕೂತು ಬರೆಯಿರಿ. ಚೆನ್ನಾಗಿಲ್ಲ ಅನ್ನಿಸಿದರೂ ಕಳಿಸಿ. ತಿದ್ದಿ ತಿದ್ದಿ ಪೆಟ್ಟಿಗೆಯಲ್ಲಿಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಒಂದು ವಾರ ತಪ್ಪಿದರೆ? ಇದನ್ನು ಮಾತ್ರ ಎಲ್ಲರೂ ಕೇಳುತ್ತಾರೆ. ತಪ್ಪಿದರೆ ಬಿಟ್ಟುಬಿಡಿ. ಮುಂದಿನ ವಾರ ಎರಡು ಬರೆಯಲು ಹೋಗಬೇಡಿ. ಬುಧವಾರ ಜೋರು ಮಳೆ ಬಂದು ಸಂತೆ ಕೂಡದಿದ್ದರೆ ಗುರುವಾರ ಯಾರಾದರೂ ಅಂಗಡಿ ಹಾಕುತ್ತಾರಾ? ಮುಂದಿನ ಬುಧವಾರಕ್ಕೆ ಬರುತ್ತಾರೆ, ಅಲ್ವಾ?

ಯಾವ ದಿನ ಅಂತ ನೀವೇ ಆರಿಸಿಕೊಳ್ಳಿ. ಗೃಹಿಣಿಯರೇ, ಭಾನುವಾರ ಬೇಡ, ಅವತ್ತೇ ನಿಮಗೆ ಕೆಲಸ ಜಾಸ್ತಿ. ನಿಮ್ಮೂರಿನ ಸಂತೆ ದಿನವಾದರೆ ನನಗೆ ಖುಷಿ. ಆರಿಸಿದ ದಿನವನ್ನು ಓದುವವರಿಗೆ ಮೊದಲೇ ಹೇಳಿಬಿಡಿ. ‘ಶುಕ್ರವಾರ ಸಂಜೆ ಕಳಿಸುತ್ತೇನೆ’ ಅಂತ ಹೇಳಿದರೆ ಶುಕ್ರವಾರ ಸಂಜೆಯೇ ಕಳಿಸಿ.

ನನ್ನ ದಿನ ಈಗಲೂ ಬುಧವಾರವೇ. ನಾಳೆಗೆ ಬರೆಯಬೇಕಾದದ್ದು ನೋಟ್‌ಬುಕ್‌ನಲ್ಲಿ ಗುರುತು ಹಾಕಿ ಇಟ್ಟಿದ್ದೇನೆ. ನಮ್ಮ ಬೀದಿಯಲ್ಲಿ ಒಬ್ಬರು ಹಳೇ ಛತ್ರಿ ರಿಪೇರಿ ಅಂತ ಕೂಗುತ್ತಾ ಬಂದಿದ್ದರು. ಬಹಳ ವರ್ಷದ ಮೇಲೆ ಆ ಕೂಗು ಕೇಳಿದೆ. ಛತ್ರಿಯ ಕಡ್ಡಿ ಜೋಡಿಸುವಾಗ ಅವರು ದಾರವನ್ನು ಹಲ್ಲಲ್ಲಿ ಕಚ್ಚಿ ಹಿಡಿದಿದ್ದರು. ಅಲ್ಲಿಂದಲೇ ಶುರು ಮಾಡಬೇಕು ಅಂದುಕೊಂಡಿದ್ದೇನೆ.

ನಮಸ್ಕಾರ.