ಹೋಮ, ಮಳೆ, ಪುರಾವೆ

ಕೇಳುಗರೇ, ನಮಸ್ಕಾರ.

ಕನ್ನಂಬಾಡಿ ಕಟ್ಟೆಯ ನೀರು ತಳ ಕಂಡಾಗ ನಮ್ಮ ಕಡೆ ಪರ್ಜನ್ಯ ಜಪ, ಹೋಮ ಶುರುವಾಗುತ್ತವೆ. ಆಮೇಲೆ ಕೊಡಗಿನಲ್ಲಿ ಮಳೆ ಹಿಡಿದು, ಕಟ್ಟೆ 124.80 ಅಡಿ ಮುಟ್ಟಿ, ಬಾಗಿನವೂ ಆಯಿತೆನ್ನಿ. ಹೋಮ ಫಲಿಸಿತೇ?

ಒಂದು ಹಾಳೆಯಲ್ಲಿ ನಾಲ್ಕು ಮನೆ ಗೆರೆ ಎಳೆಯಿರಿ. ಹೋಮ ಮಾಡಿ ಮಳೆ ಬಂದ ವರ್ಷ, ಮಾಡಿಯೂ ಬಾರದ ವರ್ಷ, ಮಾಡದೆಯೂ ಬಂದ ವರ್ಷ, ಮಾಡದೆ ಬಾರದ ವರ್ಷ. ನೆನಪು ಮೊದಲ ಮನೆಯನ್ನಷ್ಟೇ ತುಂಬುತ್ತದೆ. ಇನ್ನೊಂದು ತೊಡಕಿದೆ. ಹೋಮ ಮಾಡುವುದೇ ಮುಂಗಾರು ತಡವಾದಾಗ. ತಡವಾದ ಮುಂಗಾರು ಹೋಮವಿಲ್ಲದೆಯೂ ಬರುವ ಸಂಭವವೇ ಹೆಚ್ಚು. ಹಾಗಾಗಿ ಎಷ್ಟು ದಿನದೊಳಗೆ, ಯಾವ ಊರಿನ ಮಳೆಮಾಪಕದಲ್ಲಿ, ಎಷ್ಟು ಮಿಲಿಮೀಟರ್ ಎಂಬುದನ್ನು ಹಿಂದಿನ ದಿನವೇ ಬರೆದಿಡಬೇಕು. ಇಲ್ಲವಾದರೆ ಬರೀ ಮೋಡ ಕವಿದದ್ದೂ ಫಲವೇ.

ಪ್ರಾರ್ಥನೆಯನ್ನು ಹೀಗೆ ಅಳೆದವರಿದ್ದಾರೆ. ಅಮೆರಿಕದ ಹರ್ಬರ್ಟ್ ಬೆನ್ಸನ್ ತಂಡ 6 ಆಸ್ಪತ್ರೆಗಳ 1,802 ಬೈಪಾಸ್ ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ, 2006ರಲ್ಲಿ ಫಲಿತಾಂಶ ಪ್ರಕಟಿಸಿತು. ತಮಗಾಗಿ ಪ್ರಾರ್ಥನೆ ಇದೆಯೋ ಇಲ್ಲವೋ ತಿಳಿಯದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ಇದ್ದವರ ಪೈಕಿ ಶೇ. 52, ಇಲ್ಲದವರ ಪೈಕಿ ಶೇ. 51 ಮಂದಿಗೆ ಶಸ್ತ್ರಚಿಕಿತ್ಸೆಯ ನಂತರ ತೊಂದರೆಯಾಯಿತು. ಖಂಡಿತ ಇದೆ ಎಂದು ತಿಳಿದಿದ್ದವರಲ್ಲಿ ಶೇ. 59! ಆದರೆ ರೋಗಿಯ ಮನೆಯವರು ತಾವಾಗಿ ಬೇಡಿಕೊಳ್ಳುವುದನ್ನು ತಡೆಯುವವರಾರು? 'ಪ್ರಾರ್ಥನೆ ಇಲ್ಲದ' ಗುಂಪು ನಿಜಕ್ಕೂ ಹಾಗಿತ್ತೆನ್ನಲಾಗದು.

ಇಷ್ಟಾಗಿಯೂ ಅಲ್ಲಿ ತೂಗಿದ್ದು ಅಪರಿಚಿತರ ಪ್ರಾರ್ಥನೆಯ ಪರಿಣಾಮವನ್ನು, ದೇವರನ್ನಲ್ಲ. ಕೇಳಿದ್ದನ್ನು ಕೊಟ್ಟರೂ ಕೊಡದಿದ್ದರೂ ಇದ್ದಾನೆ ಎನ್ನುವ ದೇವರು ಯಾವ ತಕ್ಕಡಿಗೂ ಸಿಗುವುದಿಲ್ಲ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು ಬ್ರಹ್ಮಸೂತ್ರಗಳಿಗೆ ಬರೆದ ವ್ಯಾಖ್ಯಾನವಾದ ಶ್ರೀಭಾಷ್ಯದಲ್ಲಿ, ದೇವರು ತರ್ಕದ ತಕ್ಕಡಿಗೂ ಸಿಗುವುದಿಲ್ಲವೆಂದು ವಾದಿಸುತ್ತಾರೆ. ಮಡಕೆಗೆ ಕುಂಬಾರ ಇರುವಂತೆ ಜಗತ್ತಿಗೂ ಕರ್ತೃ ಇರಬೇಕೆಂಬ ಅನುಮಾನಪ್ರಮಾಣವನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸುವ ತರ್ಕವನ್ನು, ಅವರು ಒಪ್ಪುವುದಿಲ್ಲ. ನಾವು ಕಂಡ ಕರ್ತೃಗಳಿಗೆಲ್ಲ ಮೈಯಿದೆ, ಮಿತಿಯಿದೆ. ಎಲ್ಲವನ್ನೂ ಒಬ್ಬನೇ ಮಾಡಿದನೆಂದೂ ಅದರಿಂದ ಸಿದ್ಧವಾಗದು. ಅವರಿಗೆ ಈಶ್ವರನ ವಿಷಯದಲ್ಲಿ ಪ್ರಮಾಣ ಶಾಸ್ತ್ರವೊಂದೇ. ಭಕ್ತರಲ್ಲಿ ಭಕ್ತರೇ ಹೀಗೆನ್ನುವುದು ನಮ್ಮ ಇಂದಿನ ಆಸ್ತಿಕ–ನಾಸ್ತಿಕ ಜಗಳಗಂಟರಿಗೆ ಅಷ್ಟಾಗಿ ಗೊತ್ತಿಲ್ಲ.

ಈ ದಾರಿ ಹಿಡಿದವರು ಪವಾಡವನ್ನು ಸಾಕ್ಷಿಗೆ ಕರೆಯುವಂತಿಲ್ಲ. ಹರಕೆಯಿಂದ ಸಕ್ಕರೆ ಕಾಯಿಲೆ ಇಳಿಯಿತೆಂದರೆ ಅದು ರಕ್ತಪರೀಕ್ಷೆಯ ಮಾತಾಯಿತು. ಹರಕೆಗೆ ಮುಂಚಿನ ಮೂರು ತಿಂಗಳ ರಕ್ತದ ಸಕ್ಕರೆಯ ಸರಾಸರಿ, ಆಮೇಲಿನದು, ನಡುವೆ ಮಾತ್ರೆ ಬದಲಾಗಿತ್ತೇ ಎಂದು ತೋರುವ ಡಾಕ್ಟರ ಚೀಟಿ, ಈ ಮೂರೂ ಬೇಕು. ಸಾಮಾನ್ಯವಾಗಿ ಮನೆಯಲ್ಲೇ ಮರೆತು ಬರುವುದು ಆ ಚೀಟಿಯನ್ನು.